ಕೊಕ್ಕರೆ ಕಾರು ಮತ್ತೆ ಬರುತ್ತದಂತೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಪೆನ್ನು ಹಿಡಿದು ಕೂತು, ಪ್ರತಿ ಸಲವೂ ಏನೋ ಒಂದು ನೆವ ಹುಡುಕಿ ಎದ್ದಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲ, ಒಮ್ಮೆ ಮೊಣಕಾಲು ನೋವು, ಒಮ್ಮೆ ಮನೆಗೆ ಬಣ್ಣ ಬಳಿಯುವವರು ಬಂದಿದ್ದಾರೆ. ಈಗ ಕನ್ನಡಕ ಹೊಸದು, ಮೊಣಕಾಲಿಗೆ ಆಪರೇಷನ್ ಆಯಿತು, ಬಣ್ಣವೂ ಒಣಗಿತು. ಇನ್ನು ನೆವ ಉಳಿದಿಲ್ಲ. ಒಂದೇ ತೊಂದರೆ: ನಾನು ಮಾಡಿದ್ದು ತಪ್ಪು, ಆದರೆ ಆ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ತಪ್ಪೊಪ್ಪಿಗೆಯಲ್ಲಿ ನಗಬಾರದು ಎಂದು ಗೊತ್ತು. ಬಂದಲ್ಲಿ ನಕ್ಕೇ ಮುಂದುವರಿಯುತ್ತೇನೆ.

ಎರಡು ಸಾವಿರನೇ ಇಸವಿಯ ಆಸುಪಾಸಿನ ವರ್ಷಗಳು. ನಾನು ದುಬೈಯಲ್ಲಿ, ಊದ್ ಮೇಥಾದ ಹತ್ತಿರ ಒಂದು ಟೈಪಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಜೊತೆಗೆ ಉಡುಪಿಯಲ್ಲಿ ಕಲಿತ ಟೈಪಿಂಗ್. ವೀಸಾ ಅರ್ಜಿ, ರಜೆ ಅರ್ಜಿ, ನೇಮಕದ ಪತ್ರ, ರಾಜೀನಾಮೆ, ಎಲ್ಲವೂ ನನ್ನ ಬೆರಳಿನ ಕೆಳಗಿಂದಲೇ ಹೋಗುತ್ತಿದ್ದವು. ಹೆಚ್ಚಿನವುಗಳಲ್ಲಿ ಅದದೇ ಸಾಲುಗಳು. ತಲೆ ಮಧ್ಯಾಹ್ನದ ಊಟದ ಬಗ್ಗೆ ಯೋಚಿಸುತ್ತಿದ್ದರೂ ಬೆರಳು ತನ್ನ ಪಾಡಿಗೆ ಸಾಲು ಮುಗಿಸುತ್ತಿತ್ತು. ಈ ಮಾತು ಮುಂದೆ ಬೇಕಾಗುತ್ತದೆ.

ರೂಮಿನಲ್ಲಿ ನಾವು ಮೂವರು. ನಾನು, ಕೆಳಗಿನ ಗ್ರೋಸರಿಯ ಬ್ಯಾರಿ ಗೆಳೆಯ, ಮತ್ತು ಬಾಗಲಕೋಟೆ ಕಡೆಯ ಒಬ್ಬ ಮೆಕ್ಯಾನಿಕ್. ಮೆಕ್ಯಾನಿಕ್ ನನಗಿಂತ ಐದಾರು ವರ್ಷ ದೊಡ್ಡವರು, ನಾನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ಮಾಸ್ತರ ಎನ್ನುತ್ತಿದ್ದರು. ಕಾರಣ, ಪ್ರತಿ ಶುಕ್ರವಾರ ಊಟವಾದ ಮೇಲೆ ನಾನು ಇಂಗ್ಲಿಷ್ ಪೇಪರು ಹಿಡಿದು ಕೂತು ಎಲ್ಲರಿಗೂ ಕನ್ನಡದಲ್ಲಿ ಸುದ್ದಿ ಹೇಳುವುದು ರೂಢಿಯಾಗಿತ್ತು. ಅಕ್ಕಪಕ್ಕದ ರೂಮಿನವರೂ ಬಂದು ನೆಲದ ಮೇಲೆ ಕೂರುತ್ತಿದ್ದರು. ಸುದ್ದಿ ಸಪ್ಪೆ ಎನಿಸಿದರೆ ನಾನು ಸ್ವಲ್ಪ ಉಪ್ಪು ಖಾರ ಹಾಕುತ್ತಿದ್ದೆ. ಪೇಪರಿನಲ್ಲಿ ಮೂರು ಒಂಟೆ ತಪ್ಪಿಸಿಕೊಂಡರೆ ನನ್ನ ಬಾಯಲ್ಲಿ ಹನ್ನೊಂದು.

ಅಣ್ಣನಿಗೆ ಎರಡು ಹುಚ್ಚು. ಒಂದು, ಊರಿನಲ್ಲಿದ್ದ ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಬೇಕು. ಅವರ ಕೆಲಸದ ದರ್ಜೆಗೆ ಫ್ಯಾಮಿಲಿ ವೀಸಾ ಸಿಗುತ್ತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮಗಳು ಮೊದಲ ಮೂರು ದಿನ ಬಾಗಿಲ ಹಿಂದೆ ನಿಂತೇ ಮಾತಾಡುತ್ತಾಳೆ ಎಂದು ಹೇಳುತ್ತಿದ್ದರು. ಇನ್ನೊಂದು ಹುಚ್ಚು, ಕೊಕ್ಕರೆ ಕಾರು. ಅದು ಇಂಗ್ಲೆಂಡಿನ ಹಳೆಯ ಕಾರು, ಬಾನೆಟ್ಟಿನ ತುದಿಯಲ್ಲಿ ಕತ್ತು ಚಾಚಿದ ಕೊಕ್ಕರೆಯ ಬೊಂಬೆ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಅವರು ಕೆಲಸ ಕಲಿತದ್ದೇ ಒಬ್ಬ ಡಾಕ್ಟರರ ಕೊಕ್ಕರೆ ಕಾರಿನ ಮೇಲೆ. ದುಬೈಯಲ್ಲಿ ಯಾರೋ ಬಿಟ್ಟುಹೋದ ಅಂಥದ್ದೇ ಒಂದು, ಅಲ್ ಕೂಜ್‌ನಲ್ಲಿ ಅವರ ಗ್ಯಾರೇಜಿನ ಹಿಂದೆ ಮರಳು ತಿನ್ನುತ್ತಾ ನಿಂತಿತ್ತು. ಮಾಲೀಕನನ್ನು ಕೇಳಿ ತಾವೇ ಇಟ್ಟುಕೊಂಡು, ಬಿಡುವಾದಾಗೆಲ್ಲ ತಟ್ಟಿ, ತಿದ್ದಿ, ಓಡುವ ಹಾಗೆ ಮಾಡಿದ್ದರು. ಬಂಗಾರದಂಥ ಇಂಜಿನ್, ಆದರೆ ಎಡಗಡೆಯ ಹಿಂದಿನ ಬಾಗಿಲು ಒಳಗಿಂದ ತೆಗೆಯಲು ಬರುತ್ತಿರಲಿಲ್ಲ.

ಒಂದು ಶುಕ್ರವಾರ ಪೇಪರಿನ ಒಳಪುಟದಲ್ಲಿ ಬೆರಳಗಲದ ಸುದ್ದಿ. ಇಂಗ್ಲೆಂಡಿನ ಯಾರೋ ವ್ಯಾಪಾರಿ ಆ ಮುಚ್ಚಿದ ಕಂಪನಿಯ ಹೆಸರನ್ನು ಕೊಂಡಿದ್ದಾನಂತೆ, ಕಾರು ಮತ್ತೆ ಮಾಡಿದರೂ ಮಾಡಬಹುದಂತೆ. ಅಷ್ಟೇ. ನಾನು ಅದನ್ನು ಓದಿ, ಅಣ್ಣನ ಮುಖ ನೋಡಿ, ಇನ್ನೆರಡು ಸಾಲು ಸೇರಿಸಿದೆ. ಅಬುಧಾಬಿಯಲ್ಲಿ ಶೋರೂಮು, ಪಕ್ಕದಲ್ಲೇ ವರ್ಕ್‌ಶಾಪು, ಹಳೆಯ ಕಾರಿನ ಕೆಲಸ ಬಲ್ಲವರಿಗೆ ಮೊದಲ ಆದ್ಯತೆ.

ಅಣ್ಣ ಕೈಯಲ್ಲಿದ್ದ ಚಹಾ ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟರು. "ಇನ್ನೊಮ್ಮೆ ಓದ್ರಿ ಮಾಸ್ತರ."

ಇನ್ನೊಮ್ಮೆ ಓದಿದೆ. ಇಲ್ಲದ ಸಾಲನ್ನು ಎರಡನೇ ಸಲ ಓದುವುದು ಮೊದಲಿಗಿಂತ ಸುಲಭ.

ಮಾರನೆಯ ದಿನವೇ ಅವರು ನನ್ನ ಟೇಬಲ್ಲಿಗೆ ಬಂದು ಅರ್ಜಿ ಹೇಳಿ ಬರೆಸಿದರು. ಪೇಪರಿನಲ್ಲಿ ವಿಳಾಸವಿರಲಿಲ್ಲ. ಕಳಿಸುತ್ತೇನೆ ಎಂದು ಡ್ರಾಯರಿಗೆ ಹಾಕಿದೆ. ಆ ದೇಶದಲ್ಲಿ ಮನೆಬಾಗಿಲಿಗೆ ಅಂಚೆ ಬರುವುದಿಲ್ಲ, ಎಲ್ಲ ಪೋಸ್ಟ್ ಬಾಕ್ಸಿಗೆ. ಅರ್ಜಿಗೆ ನಮ್ಮ ಸೆಂಟರಿನ ಬಾಕ್ಸ್ ನಂಬರೇ ಹಾಕಿದ್ದರಿಂದ ಉತ್ತರ ಬರಬೇಕಾದದ್ದು ನನ್ನ ಕೈಗೆ. ಪ್ರತಿ ಶುಕ್ರವಾರ ಪೇಪರಿಗಿಂತ ಮೊದಲು ಒಂದೇ ಪ್ರಶ್ನೆ: "ಬಂತೇನ್ರಿ?"

"ಇಂಗ್ಲೆಂಡ್ ಹತ್ತಿರ ಉಂಟಾ ಅಣ್ಣ? ಬರ್ತದೆ."

ಆರನೇ ವಾರ ನನಗೇ ಕನಿಕರವೂ ಚೇಷ್ಟೆಯೂ ಒಟ್ಟಿಗೆ ಹುಟ್ಟಿದವು. ಗ್ರೋಸರಿಯವನಿಗೆ ಮಾತ್ರ ಹೇಳಿ, ಒಂದು ಪತ್ರ ತಯಾರು ಮಾಡಿದೆ. ಶುಕ್ರವಾರ ಬಿರಿಯಾನಿಗೆ ಮೊದಲು ಕೊಡುವುದು, ಬಿರಿಯಾನಿ ಮುಗಿದ ಮೇಲೆ ನಿಜ ಹೇಳಿ ನಗುವುದು, ಇಷ್ಟೇ ಯೋಜನೆ. ಕಂಪ್ಯೂಟರಿನಲ್ಲಿ ಕೊಕ್ಕರೆಯ ಚಿತ್ರ ಸಿಗಲಿಲ್ಲ, ಫ್ಲೆಮಿಂಗೊ ಸಿಕ್ಕಿತು. ಹಾಕಿದೆ. ಹುದ್ದೆ ಹಿರಿಯ ಮೆಕ್ಯಾನಿಕ್, ಸ್ಥಳ ಅಬುಧಾಬಿ, ಫ್ಯಾಮಿಲಿ ವೀಸಾ, ಕಂಪನಿಯದೇ ಮನೆ. ಸೀಲು ಇಲ್ಲದ ಕಾಗದವನ್ನು ಅಲ್ಲಿ ಯಾರೂ ಕಾಗದ ಎನ್ನುವುದಿಲ್ಲ. ಪಕ್ಕದ ಲಾಂಡ್ರಿಯವನ ರಬ್ಬರ್ ಸೀಲನ್ನು ಕೇಳಿ ತಂದು, ಇಂಕು ಜಾಸ್ತಿ ಮಾಡಿ, ಒತ್ತಿ ಸ್ವಲ್ಪ ತಿರುಗಿಸಿದೆ. ನೀಲಿ ಚಕ್ರ ಬಂತು, ಅಕ್ಷರ ಕಾಣಲಿಲ್ಲ. ಅಸಲಿ ಸೀಲುಗಳಲ್ಲೂ ಕಾಣುವುದಿಲ್ಲ.

ಎರಡು ತಿಂಗಳಲ್ಲಿ ಇಂಟರ್‌ವ್ಯೂ ಎಂದು ಬರೆದು ಕೊನೆ ಮಾಡಿದೆ ಅಂದುಕೊಂಡಿದ್ದೆ. ಆದರೆ ನೇಮಕದ ಪತ್ರ ಎಂದ ಕೂಡಲೇ ದಿನವೂ ಹೊಡೆಯುತ್ತಿದ್ದ ಸಾಲನ್ನು ನನ್ನ ಬೆರಳು ತಾನಾಗಿ ಸೇರಿಸಿಬಿಟ್ಟಿತ್ತು: ಅಲ್ಲಿಯವರೆಗೆ ಅಭ್ಯರ್ಥಿಯು ಬೇರೆ ಯಾವ ಕೆಲಸಕ್ಕೂ ಸೇರತಕ್ಕದ್ದಲ್ಲ. ಅದು ಅಲ್ಲಿದೆ ಎಂದು ನಾನು ಗಮನಿಸಲೂ ಇಲ್ಲ.

ಶುಕ್ರವಾರ ಪತ್ರ ಕೊಟ್ಟೆ. ಅಣ್ಣ ಕೈ ತೊಳೆದು ಬಂದು ತೆಗೆದುಕೊಂಡರು. ಅಕ್ಷರಕ್ಕಿಂತ ಮೊದಲು ಸೀಲು ನೋಡಿದರು. ಆಮೇಲೆ ತಲೆಬರಹ.

"ಮಾಸ್ತರ, ಹಕ್ಕಿ ಬದಲಾಗೇತಲ್ರಿ."

ನಾನು ಗ್ರೋಸರಿಯವನ ಕಡೆ ತಿರುಗಿದೆ. ಗ್ರೋಸರಿಯವನು ಈರುಳ್ಳಿ ಹೆಚ್ಚುತ್ತಲೇ ಹೇಳಿದ, "ಗಲ್ಫಿಗೆ ಬರುವ ಕಂಪನಿ ಅಲ್ವಾ ಮಾರಾಯ್ರೆ, ಗಲ್ಫಿನ ಹಕ್ಕಿ ಹಾಕಿದ್ದಾರೆ. ಖೋರಿನ ಹಿನ್ನೀರಲ್ಲಿ ಇದೇ ನಿಂತಿರ್ತದಲ್ಲ."

"ಶಾಣ್ಯಾ ಮಂದಿ ಬಿಡ್ರಿ," ಎಂದರು ಅಣ್ಣ. ನಾನು ಪತ್ರವನ್ನು ಕನ್ನಡ ಮಾಡಿ ಹೇಳುತ್ತಾ ಆ ಕೊನೆಯ ಸಾಲಿಗೆ ಬಂದಾಗ ನಾಲಿಗೆ ತಡವರಿಸಿತು, ಆದರೂ ಹೇಳಿ ಮುಗಿಸಿದೆ. ಅವರು ನೇರ ಕೆಳಗಿಳಿದು ಊರಿಗೆ ಫೋನ್ ಮಾಡಿ ಬಂದರು. ಬಂದವರು ಕುಣಿದರು. ನಿಜವಾಗಿ ಕುಣಿದರು, ಲುಂಗಿ ಎತ್ತಿ ಕಟ್ಟಿ, ನಲವತ್ತರ ಹತ್ತಿರದ ಗಂಡಸು, ಮೂರು ಮಂಚಗಳ ನಡುವಿನ ಒಂದು ಚಾಪೆಯಷ್ಟು ಜಾಗದಲ್ಲಿ. ಬಿರಿಯಾನಿ ಮುಗಿಯಿತು. ಗ್ರೋಸರಿಯವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಮುಂದಿನ ವಾರ ಹೇಳೋಣ ಎಂದುಕೊಂಡೆವು.

ಮುಂದಿನ ವಾರ ಏನಾಯಿತೆಂದರೆ, ನಾವು ಮೂವರೂ ಕೊಕ್ಕರೆ ಕಾರಿನಲ್ಲಿ ಅಬುಧಾಬಿಗೆ ಹೊರಟೆವು, ಶೋರೂಮಿಗೆ ಜಾಗ ನೋಡಲು. ಕರೆದವರು ಅಣ್ಣ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಮತ್ತೆ, ಹೇಳಿಬಿಡುತ್ತೇನೆ, ಹೋಗುವ ಆಸೆಯೂ ಇತ್ತು. ಎಸಿ ಇರಲಿಲ್ಲ. ಕಿಟಕಿಯಿಂದ ಬರುವ ಗಾಳಿ ಒಲೆಯ ಊದುಗೊಳವೆಯಿಂದ ಬಂದಂತೆ. ಹೊಸ ಹೊಸ ಗಾಡಿಗಳು ನಮ್ಮನ್ನು ದಾಟುವಾಗ ನಿಧಾನ ಮಾಡಿ, ಹಾರ್ನ್ ಹೊಡೆದು, ಕೈ ಬೀಸಿ ಹೋಗುತ್ತಿದ್ದವು. ಅಣ್ಣ ಪ್ರತಿಯೊಬ್ಬರಿಗೂ ಸಲಾಮು ಕೊಡುತ್ತಿದ್ದರು. ಪೆಟ್ರೋಲ್ ಪಂಪಿನಲ್ಲಿ ಒಬ್ಬ ಅರಬ್ಬಿ ಮುದುಕರು ಇಳಿದು ಬಂದು ಕೊಕ್ಕರೆಯ ತಲೆ ಸವರಿ, ತಮ್ಮ ತಂದೆಯ ಹತ್ತಿರ ಇಂಥದ್ದೇ ಇತ್ತು ಎಂದು ಹಿಂದಿಯಲ್ಲಿ ಹೇಳಿದರು.

"ಕಂಪನಿ ವಾಪಸ್ ಆ ರಹಾ ಹೈ, ಬಾಬಾ," ಎಂದರು ಅಣ್ಣ. "ಅಬುಧಾಬಿ."

"ವಲ್ಲಾ?" ಮುದುಕರು ಆಣೆ ಕೇಳಿದರು.

"ವಲ್ಲಾ. ಲೆಟರ್ ಹೈ. ಸೀಲ್ ಭೀ ಹೈ."

ಕಡಲಂಚಿನ ಕಾರ್ನಿಷ್ ರಸ್ತೆಯಲ್ಲಿ ಕಟ್ಟಡ ಕಟ್ಟಡದ ಮುಂದೆ ನಿಲ್ಲಿಸಿ ಚರ್ಚೆ. ಇದಕ್ಕೆ ಬಿಸಿಲು ಜಾಸ್ತಿ, ಬಣ್ಣ ಮಾಸುತ್ತದೆ. ಅದಕ್ಕೆ ಪಾರ್ಕಿಂಗ್ ಇಲ್ಲ. ಒಂದು ಬ್ಯಾಂಕಿನ ಗಾಜಿನ ಮುಂಭಾಗ ಗ್ರೋಸರಿಯವನಿಗೆ ಬಹಳ ಹಿಡಿಸಿತು. "ಬ್ಯಾಂಕಿನವರನ್ನು ಎಲ್ಲಿಗೆ ಕಳಿಸುದು ಮಾರಾಯ?" ಎಂದು ನಾನು ಕೇಳಿದರೆ, "ಅವರು ಮೇಲಿನ ಮಾಳಿಗೆಗೆ ಹೋಗ್ಲಿ, ಅವರಿಗೆ ಲಿಫ್ಟ್ ಉಂಟು," ಎಂದ. ನಕ್ಕು ನಕ್ಕು ಇಳಿಯಲು ಹೋದರೆ ಎಡಗಡೆಯ ಬಾಗಿಲು ತೆಗೆಯದು. ಒಳಗೆ ನಾನು ಬೆವರುತ್ತಾ ನಗುವುದು, ಹೊರಗೆ ಅಣ್ಣ "ಹೊಸಾ ಮಾಡೆಲ್ಲಿನ್ಯಾಗ ಇದನ್ನ ಮೊದಲ ಸರಿ ಮಾಡಸ್ತೀನ್ರಿ" ಎಂದು ಹಿಡಿ ಎಳೆಯುವುದು.

ಹತ್ತು ದಿನ ಬಿಟ್ಟು ಸೆಂಟರಿಗೆ ಬಂದ ಪರಿಚಯವಿಲ್ಲದ ಗಿರಾಕಿಯೊಬ್ಬ, ಆ ಹಳೇ ಇಂಗ್ಲಿಷ್ ಕಾರು ವಾಪಸು ಬರುತ್ತದಂತೆ, ಅಬುಧಾಬಿಯಲ್ಲಿ ಜಾಗವೂ ನೋಡಿದ್ದಾರಂತೆ ಎಂದು ನನಗೇ ಸುದ್ದಿ ಹೇಳಿದ. ನಿಜವಿರಬಹುದು ಅನ್ನಿಸಿತು. ಜಾಗ ನೋಡಿದವನು ನಾನೇ ಎಂಬುದು ಹೊಳೆಯಲು ಒಂದೆರಡು ನಿಮಿಷ ಬೇಕಾಯಿತು.

ಈಗ ನಗುವುದನ್ನು ಸ್ವಲ್ಪ ನಿಲ್ಲಿಸಬೇಕು.

ಮರುವಾರ ಒಂದು ಮಧ್ಯಾಹ್ನ, ಬೆಂಚಿನ ತುಂಬ ಗಿರಾಕಿಗಳು ಕೂತಿರುವಾಗ ಅಣ್ಣ ಒಂದು ಕಾಗದ ಹಿಡಿದು ಬಂದರು. ದೂರದ ಮರುಭೂಮಿಯ ಊರು ಮದೀನತ್ ಜಾಯೆದ್‌ನ ಸರಕಾರಿ ಗಾಡಿಗಳ ವರ್ಕ್‌ಶಾಪಿನಿಂದ ಬಂದದ್ದು. ವರ್ಷದ ಹಿಂದೆ ಯಾರದೋ ಮೂಲಕ ಅರ್ಜಿ ಹಾಕಿ ಮರೆತಿದ್ದರಂತೆ. ಮೆಕ್ಯಾನಿಕ್ ಕೆಲಸ, ಫ್ಯಾಮಿಲಿ ವೀಸಾ, ಎರಡು ಕೋಣೆಯ ಕ್ವಾರ್ಟರ್ಸ್. ಇದರಲ್ಲಿ ಸೀಲು ಚೊಕ್ಕವಾಗಿತ್ತು.

"ಇದಕ್ಕ ಬರಂಗಿಲ್ಲ ಅಂತ ಒಂದು ಛಲೋ ಪತ್ರ ಹೊಡದ ಕೊಡ್ರಿ ಮಾಸ್ತರ."

"ಇದು ಕೈಯಲ್ಲಿರುವ ಕೆಲಸ ಅಣ್ಣ. ಎರಡು ದಿನ ತಡೆಯಿರಿ."

"ಇವರು ನಾಳೆ ಅಂದ್ರ ನಾಳೆ ಉತ್ತರ ಕೇಳ್ಯಾರ. ಅಲ್ಲಿ ಮರಳ ಬಿಟ್ಟರ ಏನೈತ್ರಿ? ಅಬುಧಾಬಿಯಾಗ ಮಗಳಿಗೆ ಸಾಲಿ ಐತಿ. ಮತ್ತ ಆ ಪತ್ರದಾಗ ಬ್ಯಾರೆ ಕಡೆ ಸೇರಬಾರದು ಅಂತ ನೀವ ಓದಿ ಹೇಳೀರಲ್ಲ. ನಂಬಿ ಬರದಾರ, ನಾ ಹೆಂಗ ಮಾತ ತಪ್ಪಲಿ?"

ಆಗಲೇ ಹೇಳಬೇಕಿತ್ತು. ಆದರೆ ಬೆಂಚಿನ ಮೇಲೆ ಏಳೆಂಟು ಜನ ಕೇಳುತ್ತಿದ್ದರು, ಗಾಜಿನ ಆಚೆ ಮಾಲೀಕ ಕೂತಿದ್ದ. ಟೈಪಿಂಗ್ ಸೆಂಟರಿನವನು ಸುಳ್ಳು ಪತ್ರಕ್ಕೆ ಸೀಲು ಒತ್ತಿದ ಎಂದು ಗೊತ್ತಾದರೆ ನನ್ನ ವೀಸಾ ಖಲಾಸ್, ಜೈಲೂ ಆಗಬಹುದಿತ್ತು. ಹೆದರಿದೆ. ಹೆದರಿ ಟೈಪ್ ಮಾಡಿದೆ. ಇಷ್ಟೂ ಸಾಲದೆಂಬಂತೆ, ಅವರು ಹೇಳದಿದ್ದರೂ ವಿಷಾದಿಸುತ್ತೇನೆ ಎಂಬ ಪದವನ್ನು ನಾನೇ ಸೇರಿಸಿ ಪತ್ರವನ್ನು ಚಂದ ಮಾಡಿದೆ. ಅವರು ಸಹಿ ಹಾಕಿ, ನನ್ನ ಬೆನ್ನು ತಟ್ಟಿ ಹೋದರು.

ಎರಡು ತಿಂಗಳು ಕಳೆಯಿತು, ಇಂಟರ್‌ವ್ಯೂ ಬರಲಿಲ್ಲ. ಮೂರನೆಯ ತಿಂಗಳು, ಕಂಪನಿ ಯೋಚನೆ ಮುಂದೂಡಿತಂತೆ ಎಂದು ಪೇಪರಿನಲ್ಲಿ ಇಲ್ಲದ್ದನ್ನು ಇನ್ನೊಮ್ಮೆ ಓದಿದೆ. ಅಣ್ಣ "ಹಂಗಾತೇನು" ಎಂದರು, ಅಷ್ಟೇ. ಅದಾಗಿ ಕೆಲವು ವಾರಕ್ಕೆ ರಜೆ ಮುಗಿಸಿ ಬಂದ ಬಾಗಲಕೋಟೆಯವನೊಬ್ಬ ದೊಡ್ಡ ಬಿಸ್ಕತ್ತಿನ ಡಬ್ಬ ತಂದುಕೊಟ್ಟ. ತುಂಬ ಕಡಕ್ ರೊಟ್ಟಿ, ಮೇಲೆ ಶೇಂಗಾ ಚಟ್ನಿಪುಡಿಯ ಗಂಟು. ಅಣ್ಣನ ಹೆಂಡತಿ ಹೊಸ ಮನೆಗೆ ಹೋದ ಕೂಡಲೇ ಒಲೆಗೆ ಅನುಕೂಲವಿರುತ್ತದೋ ಇಲ್ಲವೋ ಎಂದು, ತಾವೇ ಹೊತ್ತುಕೊಂಡು ಬರಲು ದಿನಗಟ್ಟಲೆ ಕೂತು ಬಡಿದಿಟ್ಟಿದ್ದ ರೊಟ್ಟಿ. ಹೋಗುವುದಿಲ್ಲ ಎಂದಾದ ಮೇಲೆ ಕೆಡಬಾರದು, ಗೆಳೆಯರೆಲ್ಲ ತಿನ್ನಲಿ ಎಂದು ಕಳಿಸಿದ್ದರು. ನಾವು ತಿಂದೆವು. ಮುರಿದರೆ ಹಪ್ಪಳದ ಹಾಗೆ ಸದ್ದು. ನಾನೂ ಕೇಳಿ ಕೇಳಿ ಹಾಕಿಸಿಕೊಂಡೆ.

ಎಷ್ಟೋ ವರ್ಷದ ಮೇಲೆ ನಾನು ಎಲ್ಲ ಮುಗಿಸಿ ಊರಿಗೆ ಹೊರಟಾಗ ಏರ್‌ಪೋರ್ಟಿಗೆ ಬಿಟ್ಟವರು ಅಣ್ಣನೇ, ಅದೇ ಕೊಕ್ಕರೆ ಕಾರಿನಲ್ಲಿ. ದಾರಿಯಲ್ಲಿ ಹೇಳಿದೆ. ಸೀಲು, ಹಕ್ಕಿ, ಬೆರಳು ಹೊಡೆದ ಸಾಲು, ಎಲ್ಲ. ಅವರು ಗಾಡಿಯನ್ನು ಬದಿಗೆ ಹಾಕಿ, ಸ್ಟೇರಿಂಗಿಗೆ ಹಣೆ ಹಚ್ಚಿದರು. ಅಳುತ್ತಿದ್ದಾರೆ ಎಂದು ನಾನು ಗಾಬರಿಯಾದೆ. ನಗುತ್ತಿದ್ದರು.

"ಲಾಂಡ್ರಿಯಾಂವ ನನ್ನ ಅಂಗಿಗೆ ಕೊಟ್ಟ ಚೀಟಿ ಮ್ಯಾಲೆ ಅದ ನೀಲಿ ಸೀಲ್ ಇತ್ತಲ್ರಿ ಮಾಸ್ತರ. ಆ ವರ್ಷ ಥಂಡ್ಯಾಗನ ಗೊತ್ತಾಗಿತ್ತು."

"ಮತ್ತೆ ಯಾಕೆ ಬೈಯಲಿಲ್ಲ?"

"ಬೈದಿದ್ರ ಶುಕ್ರವಾರ ಪೇಪರ್ ಯಾರ ಓದತಿದ್ರು?" ನಕ್ಕು ಒದ್ದೆಯಾದ ಕಣ್ಣು ಒರೆಸಿಕೊಂಡರು. "ನನ್ನ ಹತ್ರ ಕ್ಷಮಾ ಕೇಳಬ್ಯಾಡ್ರಿ, ಕುಣದಾಂವ ನಾನ. ರೊಟ್ಟಿ ಬಡದಾಕಿ ಊರಾಗ ಅದಾಳ. ಕೆಲಸ ಕಂಪನಿಯವರ ರದ್ದ ಮಾಡಿದ್ರು ಅಂತ ಆಕಿಗೆ ಹೇಳೀನಿ. ಖರೇ ಹೇಳೂದು ನಿಮಗ ಬಿಟ್ಟದ್ದು." ಮನೆಯ ಫೋನ್ ನಂಬರನ್ನು ಬರೆದುಕೊಟ್ಟರು. ಬರೆದದ್ದು ಆ ಪತ್ರದ ಹಿಂಬದಿಗೆ. ಅಷ್ಟು ವರ್ಷವೂ ಅದು ಕಾರಿನಲ್ಲೇ ಇತ್ತು.

ಊರಿಗೆ ಬಂದು ಒಂದು ತಿಂಗಳ ಮೇಲೆ ಫೋನ್ ಮಾಡಿದೆ. ನಾನು ಇಂಥವನು ಎನ್ನುವಷ್ಟರಲ್ಲೇ ಆ ಕಡೆಯಿಂದ, "ಮಾಸ್ತರ ಅಲ್ಲೇನ್ರಿ? ಇವರು ಭಾಳ ಹೇಳತಿದ್ರು ನಿಮ್ಮ ಸುದ್ದಿ. ಆವಾಗ ರೊಟ್ಟಿ ಮುರೀದೆ ಮುಟ್ಟಿದ್ವೇನ್ರಿ?"

"ಮುಟ್ಟಿದವು ಅಕ್ಕಾ," ಎಂದೆ. "ತುಂಬ ಒಳ್ಳೆದಿದ್ದವು."

ಹೇಳಲು ಹೊರಟದ್ದು ಅದಲ್ಲ. ಅದನ್ನು ಹೇಳಿ ಫೋನ್ ಇಟ್ಟೆ, ಮತ್ತೆ ಮಾಡಲಿಲ್ಲ. ಕೊಕ್ಕರೆ ಕಾರು ಮತ್ತೆ ಬರುತ್ತದೆಂದು ಆಮೇಲೂ ಎರಡು ಮೂರು ಸಲ ಪೇಪರಿನಲ್ಲಿ ನೋಡಿದೆ, ಬಂದದ್ದು ಕಾಣಲಿಲ್ಲ. ಅಣ್ಣನ ಹತ್ತಿರ ಕ್ಷಮೆ ಕೇಳಿದ್ದಾಗಿದೆ. ಕೇಳದೆ ಉಳಿದದ್ದು ಅವರ ಹೆಂಡತಿಯ ಹತ್ತಿರ, ಬಿಸ್ಕತ್ತಿನ ಡಬ್ಬದ ತುಂಬ ರೊಟ್ಟಿ ಬಡಿದಿಟ್ಟ ಆ ಅಕ್ಕನ ಹತ್ತಿರ.