ಒಂಬತ್ತರ ಮೇಲೆ ಮಳೆ ಬೇಡುವ ಸರಸ್ವತಮ್ಮ

ಹಿಂದೂಪುರದ ನೇಕಾರರ ಬೀದಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೇವಿನ ಮರದಿಂದ ಲೈಟು ಕಂಬದವರೆಗೆ ಸೀರೆಯ ಉದ್ದೆಳೆಗಳಾಗುವ ಹಾಸುನೂಲು ಬಿಗಿದು ನಿಂತಿದೆ. ಅದರ ಒಂದು ಪಕ್ಕ ಸರಸ್ವತಮ್ಮ, ಇನ್ನೊಂದು ಪಕ್ಕ ಗಂಡ ಕೇಶವಯ್ಯ, ನಡುವೆ ಇಬ್ಬರೂ ಹಿಡಿದ ಒಂದು ದೊಡ್ಡ ಕುಂಚ. ಗಂಜಿ ಹಚ್ಚಿದ ನೂಲಿನ ಮೇಲೆ ಅದನ್ನೆಳೆಯುತ್ತ ಗಂಡ ಹೆಂಡತಿ ಹೆಜ್ಜೆ ಕೂಡಿಸಿ ನಡೆಯಬೇಕು. ಕೇಶವಯ್ಯ ಆಕಳಿಸಿದರೆ ಸಾಕು, ಕುಂಚ ಓರೆಯಾಗುತ್ತದೆ.

"ಮದ್ವೇಲಿ ಏಳೇ ಹೆಜ್ಜೆ ಅಂದಿದ್ರು ಪುರೋಹಿತ್ರು. ಮೂವತ್ತು ವರ್ಸದಿಂದ ನಡೀತಾನೇ ಇವ್ನಿ ಕಣಪ್ಪ," ಎನ್ನುತ್ತಾರೆ ಸರಸ್ವತಮ್ಮ, ಬರೆದುಕೊಳ್ಳಲು ಬಂದ ನನಗೆ.

ಹಾಲಿನ ಕ್ಯಾನು ತೂಗಿಸಿಕೊಂಡು ಬಂದ ಸೈಕಲ್ಲಿನವನು "ಅಕ್ಕಾ, ಕೊಂಚೆಂ ದಾರಿ ಇಯ್ಯಿ" ಎಂದು ತೆಲುಗಿನಲ್ಲಿ ಗೋಗರೆಯುತ್ತಾನೆ. "ತೊಮ್ಮಿದಿ ದಾಕಾ ಲೇದು ಪೋ!" ಒಂಬತ್ತರವರೆಗೆ ದಾರಿಯಿಲ್ಲ ಹೋಗು ಎಂದು ಸರಸ್ವತಮ್ಮನ ಉತ್ತರ. ಹಾಸು ದಾಟಿದರೆ ಕೇಡು ಎಂಬ ನಂಬಿಕೆ ಊರಿಗೆಲ್ಲ ಇರುವುದರಿಂದ ಅವನು ಗೊಣಗುತ್ತ ಸುತ್ತು ಹಾಕಿ ಹೋಗುತ್ತಾನೆ. ಸರಸ್ವತಮ್ಮ ಸೆರಗಿಗೆ ಕೈ ಒರೆಸಿ, ಬೀದಿ ಕೊನೆಯ ಈಶ್ವರನ ಗುಡಿಯತ್ತ ತಿರುಗಿ ದಿನದ ಅರ್ಜಿ ಸಲ್ಲಿಸುತ್ತಾರೆ. "ಮಳೆ ಬ್ಯಾಡ ಅನ್ನಾಕಿಲ್ಲ ಸ್ವಾಮಿ. ಒಂಬತ್ರ ಮ್ಯಾಲೆ ಬರ್ಲಿ. ಒಂಬತ್ರ ಗಿರಣಿ ಸೈರನ್ ನಿಂಗೂ ಕೇಳ್ಸುತ್ತಲ್ಲ."

ಈ ಅರ್ಜಿಗೆ ಕಾರಣವಿದೆ. ಗಂಜಿ ಕುಡಿದ ನೂಲು ತಂಪು ಹೊತ್ತಿನಲ್ಲೇ ಒಣಗಬೇಕು. ನಾಲ್ಕು ಹನಿ ಬಿದ್ದರೆ ಗಂಜಿ ಕರಗಿ, ಎಳೆಗೆ ಎಳೆ ಅಂಟಿ, ಇಡೀ ಹಾಸು ಹಾಳು. ಸೀರೆ ಚೆನ್ನಾಗಿದ್ದರೆ ಉಟ್ಟವರು ನೇಯ್ದವನನ್ನೋ ಅಂಗಡಿಯವನನ್ನೋ ಹೊಗಳುತ್ತಾರೆ. ಗಂಜಿ ಮೊದಲ ಒಗೆತಕ್ಕೇ ಹೋಗುತ್ತದೆ, ಸರಸ್ವತಮ್ಮನ ಹೆಸರೂ ಅದರ ಜೊತೆಗೇ.

ಕುಂದುರ್ಪಿಯಿಂದ ಸೊಸೆಯಾಗಿ ಬಂದಾಗ ಅತ್ತೆ ಮೊದಲು ಕಲಿಸಿದ್ದು ಗಂಜಿಯ ಹದ. ಅನ್ನ ಮುದ್ದೆಯಾದರೆ ಕ್ಷಮೆಯಿತ್ತು, ಗಂಜಿ ಗಂಟಾದರೆ ಇರಲಿಲ್ಲ. ಕಾಲಗಳ ಲೆಕ್ಕವನ್ನೂ ಸರಸ್ವತಮ್ಮ ಗಂಜಿಯಿಂದಲೇ ಹೇಳುತ್ತಾರೆ. "ಬೇಸ್ಗೇಲಿ ಗಂಜಿ ಹುಳಿ ಬತ್ತದೆ, ಚಳೀಲಿ ಕೈ ಬಿರೀತದೆ, ಮಳೇಲಿ ಎದೆ ಹೊಡ್ಕಂತದೆ. ವರ್ಸಕ್ಕೆ ಮೂರೇ ಕಾಲ ಮಡಗಿರೋ ದೇವ್ರು ದೊಡ್ಡೋನು."

ಎದುರುಮನೆ ಗಿರಿಯಪ್ಪನವರ ಅರ್ಜಿ ಇದಕ್ಕೆ ತದ್ವಿರುದ್ಧ. ಊರಾಚೆ ಅವರ ಕಡಲೆಕಾಯಿ ಹೊಲ. ಅದೇ ಗುಡಿಯ ಮುಂದೆ ನಿಂತು ಅವರು "ಈಗಲೇ ಸುರಿ" ಅನ್ನುತ್ತಾರೆ, ಇವರು "ತಡಿ" ಅನ್ನುತ್ತಾರೆ. ನಡುವೆ ಈಶ್ವರ ಅಡಕತ್ತರಿಯಲ್ಲಿ ಸಿಕ್ಕ ಅಡಕೆ.

ಹೋದ ವರ್ಷ ಈಶ್ವರ ಗಿರಿಯಪ್ಪನ ಕಡೆ ಕಿವಿಗೊಡಲಿಲ್ಲ. ಬಂದರೆ ಮಘೆ, ಹೋದರೆ ಹೊಗೆ ಅನ್ನುತ್ತಾರಲ್ಲ, ಮಘೆ ಮಳೆ ಕಳೆದೇ ಹೋಗುವ ಹಾಗಿತ್ತು. ರೈತರು ಹಳೆಯ ಉಪಾಯಕ್ಕೆ ಕೈ ಹಾಕಿದರು. ಗರ್ಭಗುಡಿಯ ನೀರು ಹೊರಹೋಗುವ ತೂತಿಗೆ ಗೋಣಿಚೀಲ ತುರುಕಿ, ಲಿಂಗ ಮುಳುಗುವ ತನಕ ನೀರು ಸುರಿಯುವುದು. ಉಸಿರು ಕಟ್ಟಿದ ದೇವರು ಮಳೆ ಕೊಡಲೇಬೇಕು. ಆದರೆ ಬಾವಿ ಬೀದಿಯ ಈಚೆ, ಗುಡಿ ಆಚೆ, ನಡುವೆ ಸರಸ್ವತಮ್ಮನ ಹಾಸು!

ದಾಟುವಂತಿಲ್ಲ. ಹಾಗಾಗಿ ಕೊಡ ಹೊತ್ತವರೆಲ್ಲ ನೂಲಿನ ಕೆಳಗೆ ಬಗ್ಗಿ ನುಸುಳಿದರು. ಉದ್ದಾಳು ಗಿರಿಯಪ್ಪ ಬಗ್ಗಿದಾಗ ಕೊಡವೂ ಬಗ್ಗಿತು.

"ಮಳೆಗೂ ಮುಂಚೆ ಹೊಳೆ ಹರಿಸ್ಬುಟ್ಟಲ್ಲೋ ಗಿರಿಯಪ್ಪಾ!" ಎಂದರು ಸರಸ್ವತಮ್ಮ.

ಅಷ್ಟಕ್ಕೇ ಮುಗಿಯಲಿಲ್ಲ. ಗೋಣಿಚೀಲ ಸೋರಿ, ಸುರಿದದ್ದೆಲ್ಲ ಹೊರಗೆ ಹರಿಯುತ್ತಿತ್ತು. ಕೊಡಗಳು ಮತ್ತೆ ಬಂದವು, ಮತ್ತೆ ಬಗ್ಗಿದವು. ಸರಸ್ವತಮ್ಮನ ತಾಳ್ಮೆ ಕೆಟ್ಟಿತು. ಹರಿದ ನೂಲಿನ ಉಂಡೆಯೊಂದನ್ನು ಗಂಜಿಯಲ್ಲಿ ಅದ್ದಿ, ತಿರುಚಿ, ಬಿರಡೆ ಮಾಡಿ ಕೊಟ್ಟರು. "ತಗಾ, ಇದನ್ನ ಗಿಡಿ. ಒಂದ್ಸಲಕ್ಕೇ ತುಂಬ್ಲಿ, ನನ್ನ ಹಾಸು ಒಣಗ್ಲಿ." ಒಂದು ತೊಟ್ಟೂ ಸೋರಲಿಲ್ಲ. ಈಶ್ವರ ಮುಳುಗಿದ.

ತಾವು ಮಾಡಿದ್ದೇನು ಎಂದು ಸರಸ್ವತಮ್ಮನಿಗೆ ಹೊಳೆದದ್ದು ಮರುದಿನ ಮುಂಜಾನೆ, ಹೊಸ ಹಾಸಿನ ಮೇಲೆ ದಪ್ಪ ಹನಿ ಬಿದ್ದಾಗ. ಮಳೆಯಲ್ಲಿ ಕುಣಿಯಲು ಹೊರಬಂದ ಗಿರಿಯಪ್ಪ ಆಕೆಯ ಮುಖ ನೋಡಿ ಕುಣಿತ ನಿಲ್ಲಿಸಿದರು. ರೈತರೆಲ್ಲ ಸೇರಿ ಹಾಸನ್ನು ಬಿಗಿದಿದ್ದ ಹಾಗೆಯೇ ಎತ್ತಿ, ಕಡಲೆಕಾಯಿ ಮಂಡಿಯ ಉದ್ದನೆಯ ಶೆಡ್ಡಿಗೆ ಓಡಿದರು. ಆದರೂ ಅರ್ಧ ಹಾಸು ಹೋಯಿತು.

ಮಳೆ ವಾರವಾದರೂ ನಿಲ್ಲಲಿಲ್ಲ. "ಸಾಕು, ಬಿರಡೆ ತೆಗೀರಿ" ಎಂದು ರೈತರೇ ಕೂಗಿಕೊಂಡರು. ನೀರು ಕುಡಿದು ಉಬ್ಬಿದ ಬಿರಡೆ ಯಾರ ಕೈಗೂ ಜಗ್ಗಲಿಲ್ಲ. ಕೊನೆಗೆ ಸರಸ್ವತಮ್ಮ, ಕೇಶವಯ್ಯ ಇಬ್ಬರೂ ಮೊಳಕಾಲು ನೀರಲ್ಲಿ ನಿಂತು, ಕುಂಚ ಎಳೆಯುವಂತೆ ಕೂಡಿ ಎಳೆದಾಗ ಕಳಚಿತು.

ಇವತ್ತು ಮತ್ತೆ ಮಘೆ, ಮತ್ತೆ ಮಳೆಯಿಲ್ಲ. ಬೀದಿಯಲ್ಲಿರುವುದು ಕಲ್ಯಾಣದುರ್ಗದ ಮದುವೆ ಮನೆಯ ಸೀರೆಗಳ ಹಾಸು. ನಾಳೆ, ನಾಳಿದ್ದು ಇನ್ನೂ ಎರಡು ಹಾಸುಗಳಿವೆ. ಅವು ನೆನೆದರೆ ಮುಂದಿನ ತಿಂಗಳು ಒಲೆ ಉರಿಯುವುದು ಕಷ್ಟ. ಬೇವಿನ ಮರದ ಕೆಳಗೆ ಗಿರಿಯಪ್ಪ ಬಂದು ನಿಂತಿದ್ದಾರೆ. ಕಣ್ಣು ಗಂಜಿಯ ಪಾತ್ರೆಯ ಮೇಲೆ.

"ಹೂವು ಕಾಯಾಗೋ ಹೊತ್ತು ಅಕ್ಕಾ. ನೆಲ ಕಲ್ಲಾಗೈತೆ," ಎನ್ನುತ್ತಾರೆ.

ಸರಸ್ವತಮ್ಮ ಕುಂಚ ಎಳೆಯುತ್ತಾರೆ. ಹೋದ ವರ್ಷ ಬಿರಡೆ ತಿಳಿಯದೆ ಕೊಟ್ಟದ್ದು. ಈ ಸಲ ತಿಳಿದೂ ಕೊಡಬೇಕು, ಅದಕ್ಕೆ ಭಯ. ಲೈಟು ಕಂಬ ಮುಟ್ಟಿ ವಾಪಸು ಬರುವಷ್ಟರಲ್ಲಿ ಕೇಶವಯ್ಯ ಮೆಲ್ಲಗೆ, "ಅವ್ರ ಹೆಂಗಸ್ರು ಉಡಾದೂ ನಮ್ ಸೀರೇನೇ ಕಣೇ," ಎನ್ನುತ್ತಾರೆ.

ಕುಂಚ ಕೆಳಗಿಟ್ಟು, ಆಕೆ ನೂಲಿನ ಉಂಡೆಯನ್ನು ಗಂಜಿಗೆ ಅದ್ದುತ್ತಾರೆ. "ನಾಳೆಯಿಂದ ಕೋಳಿ ಕೂಗೋ ಹೊತ್ಗೆ ನಿನ್ ಜನ ನನ್ ಬೀದೀಲಿರ್ಬೇಕು. ಗುಡುಗು ಕೇಳ್ತಿದ್ದಂಗೇ ಹಾಸು ಎತ್ಬೇಕು, ತಿಳೀತಾ?"

"ಮೊದ್ಲು ನಾನೇ ಬತ್ತೀನಿ," ಎಂದು ಗಿರಿಯಪ್ಪ ಬಿರಡೆಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಪಡೆದು, ಹಾಸಿನ ಕೆಳಗೆ ಬಹಳ ಜೋಪಾನವಾಗಿ ಬಗ್ಗಿ ಹೋಗುತ್ತಾರೆ.

ಹಾಗಾದರೆ ಮಳೆ ತರಿಸುವವರು ನೀವೇ ಅಂದಂತಾಯಿತು ಎಂದು ನಾನು ಅಂದರೆ ಸರಸ್ವತಮ್ಮ ಕೆನ್ನೆ ಬಡಿದುಕೊಳ್ಳುತ್ತಾರೆ. "ಬಿಡ್ತು ಅನ್ನಪ್ಪ! ಮಳೆ ಕೊಡೋನು ಶಿವ."

ಕುಂಚ ಎತ್ತಿಕೊಂಡು ಕೇಶವಯ್ಯನ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತಾರೆ. ನಾಲ್ಕು ಮಾರು ಹೋದ ಮೇಲೆ ಹಿಂದಿರುಗಿ ನೋಡುತ್ತಾರೆ.

"ಬಿರಡೆ ಮಾತ್ರ ನಂದು. ಬರ್ಕೋ."