ಹಳದಿ ದಾರದ ಸುತ್ತು

ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ದಾರದಕ್ಕ ಎಂದೇ ಕರೆಯುತ್ತಿದ್ದರು. ಹೋಟೆಲಿನ ಚಾದರ, ಡಾಕ್ಟರರ ಬಿಳಿ ಕೋಟು, ಮೇಜಿನ ಹಾಸು, ಏನೇ ಬರಲಿ, ಒಗೆಯುವ ಯಂತ್ರಕ್ಕೆ ಹೋಗುವ ಮುಂಚೆ ಅವಳ ಮೇಜಿಗೆ ಬರಬೇಕು. ಅವಳು ದೀಪದ ಕೆಳಗೆ ಬಟ್ಟೆ ಹರಡಿ, ಕಲೆ ಇರುವ ಕಡೆ ಅದರ ಸುತ್ತ ದೊಡ್ಡ ದೊಡ್ಡ ಹೊಲಿಗೆ ಹಾಕಿ ಒಂದು ಸುತ್ತು ಎಳೆಯುತ್ತಾಳೆ. ಸೀಮೆಸುಣ್ಣದ ಗುರುತು ನೀರಿಗೆ ಬಿದ್ದರೆ ಹೋಗುತ್ತದೆ, ದಾರ ಹೋಗುವುದಿಲ್ಲ. ಎಣ್ಣೆಗೆ ನೀಲಿ, ಶಾಯಿಗೆ ಹಸಿರು, ರಕ್ತಕ್ಕೆ ಹಳದಿ. ರಕ್ತಕ್ಕೆ ಕೆಂಪು ಯಾಕಲ್ಲ ಎಂದು ಹೊಸಬರು ಕೇಳುವುದುಂಟು. ಕೆಂಪು ದಾರ ಬಣ್ಣ ಬಿಟ್ಟರೆ ಕಲೆ ಹೋಯಿತೋ ಉಳಿಯಿತೋ ದೇವರಿಗೂ ತಿಳಿಯುವುದಿಲ್ಲ.

ಇನ್ನೊಂದು ಕಟ್ಟಳೆಯೂ ಉಂಟು. ದಾರ ಹಾಕಿದವರು ದಾರ ತೆಗೆಯುವಂತಿಲ್ಲ. ಒಗೆದು ಬಂದ ಮೇಲೆ ಬೇರೊಬ್ಬರು ಸುತ್ತಿನ ಒಳಗೆ ನೋಡಿ, ಕಲೆ ಹೋಗಿದೆ ಎಂದು ಖಾತ್ರಿ ಮಾಡಿಕೊಂಡು ಎಳೆಯಬೇಕು. ತಾನೇ ಹಾಕಿ ತಾನೇ ತೆಗೆದರೆ ಕಣ್ಣು ಮುಲಾಜು ನೋಡುತ್ತದೆ ಎನ್ನುವುದು ಯಜಮಾನಮ್ಮನ ಮಾತು. ದಾರದಕ್ಕ ಹಾಕಿದ್ದನ್ನು ತೆಗೆಯುವವಳು ಇಸ್ತ್ರಿ ಮಾಡುವ ಹಿರಿಯಾಕೆ. ಅವಳನ್ನು ಇಡೀ ಲಾಂಡ್ರಿ ದೊಡ್ಡಮ್ಮ ಅನ್ನುತ್ತದೆ.

ಊರಿನವರ ಕಲೆಗಳ ಮುಂದೆ ದಾರದಕ್ಕ ಹುಲಿ. ತನ್ನ ತಿಂಗಳ ದಿನಗಳು ಬಂದರೆ ಮಾತ್ರ ಬಾಲ ಸುಟ್ಟ ಬೆಕ್ಕು. ಗಳಿಗೆಗೊಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತಾಳೆ, ಕುರ್ಚಿಯಿಂದ ಎದ್ದರೆ ಕುರ್ಚಿಯನ್ನು ನೋಡುತ್ತಾಳೆ, ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಾಳೆ. ಈ ಭಯ ಅವಳಿಗೆ ತಾಯಿಯಿಂದ ಬಂದದ್ದು. ದೊಡ್ಡವಳಾದ ದಿನ ಅಮ್ಮ ಹಳೇ ಚಾದರ ಹರಿದು, ಮಡಿಸಿ ಕೈಗೆ ಕೊಟ್ಟು ಹೇಳಿದ್ದು ಒಂದೇ ಮಾತು.

"ಎಲ್ಲೂ ಕಲೆ ಮಾಡ್ಕೋಬೇಡ."

ಬೇರೆ ಮಾತಿಲ್ಲ, ವಿವರಣೆ ಇಲ್ಲ. ಆ ಬಟ್ಟೆಗಳನ್ನು ಅಮ್ಮ ಸೋಡ ಹಾಕಿ ಕುದಿಸುತ್ತಿದ್ದಳು. ಎಷ್ಟು ಕುದಿಸಿದರೂ ಕಂದು ಬಣ್ಣ ಹೋಗುತ್ತಿರಲಿಲ್ಲ. ಬೇರೆ ಹುಡುಗಿಯರದು ಹೋಗುತ್ತದೆ, ನನ್ನದೇ ಏನೋ ಕೆಟ್ಟದ್ದು ಅಂತ ಆ ಹುಡುಗಿ ಆರು ವರ್ಷ ನಂಬಿದ್ದಳು. ಯಾರನ್ನಾದರೂ ಕೇಳೋಣವೆಂದರೆ ಬಾಯಿ ಬರುತ್ತಿರಲಿಲ್ಲ.

ಲಾಂಡ್ರಿಗೆ ಸೇರಿದ ಮೊದಲ ದಿನವೇ ದೊಡ್ಡಮ್ಮ ಬಕೆಟ್ಟಿನ ಮುಂದೆ ನಿಲ್ಲಿಸಿ ಪಾಠ ಮಾಡಿದಳು. "ರಕ್ತಕ್ಕೆ ತಣ್ಣೀರು ಕಣಮ್ಮ. ಬಿಸಿನೀರು ಬಿತ್ತೋ, ಅಲ್ಲೇ ಬೇಯುತ್ತೆ. ಬೆಂದ ಮೇಲೆ ಜಪ್ಪಯ್ಯ ಅಂದ್ರೂ ಬಿಡಲ್ಲ."

ಕೇಳಿ ಅವಳಿಗೆ ಪಿತ್ತ ನೆತ್ತಿಗೇರಿತು. ಆರು ವರ್ಷದ ನಾಚಿಕೆ ಒಂದು ಬಕೆಟ್ ತಣ್ಣೀರಿನಲ್ಲಿ ಹೋಗುವಂಥದ್ದಾಗಿತ್ತು. ಅಂದು ಸಂಜೆಯೇ ಬಟ್ಟೆಗಳನ್ನೆಲ್ಲ ಕಸಕ್ಕೆ ಎಸೆದು, ಔಷಧಿ ಅಂಗಡಿಗೆ ಹೋಗಿ, ಗಂಡಸರೆಲ್ಲ ಹೋಗುವವರೆಗೆ ಹಲ್ಲುಜ್ಜುವ ಪೇಸ್ಟುಗಳನ್ನು ಓದುತ್ತ ನಿಂತು, ಕಡೆಗೆ ಒಂದು ಪ್ಯಾಡಿನ ಪೊಟ್ಟಣ ತಂದಳು.

ಪ್ಯಾಡು ಮನೆಯಲ್ಲಿ ಚೆನ್ನಾಗಿಯೇ ಇತ್ತು. ಲಾಂಡ್ರಿಯ ಹಬೆಯಲ್ಲಿ ಹತ್ತು ಗಂಟೆ ನಿಂತರೆ ತೊಡೆ ಸಂದು ಸುಲಿದು ಹೋಗಿ, ನಡೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ತೆಳ್ಳಗಿನದು ತಂದಳು, ಅದರ ಮೇಲೆ ನಂಬಿಕೆ ಸಾಲದೆ ಎರಡೆರಡು ಇಟ್ಟಳು, ಅಲ್ಲಿಗೆ ಮತ್ತೆ ದಪ್ಪಗಿನದೇ ಆಯಿತು. ಮದುವೆಯಾದ ಮೇಲೆ ಒಳಗಿಟ್ಟುಕೊಳ್ಳುವ ಹತ್ತಿಯ ಟ್ಯಾಂಪನ್ ಹಿಡಿದಳು. ಅದನ್ನು ಒಳಗೇ ಮರೆತು ಜ್ವರ ಬಂದ ಯಾರದೋ ಕತೆಯನ್ನು ಪತ್ರಿಕೆಯಲ್ಲಿ ಓದಿದ್ದೇ ತಡ, ತೆಗೆದೆನೋ ಇಲ್ಲವೋ, ತೆಗೆದೆನೋ ಇಲ್ಲವೋ ಎನ್ನುವುದೇ ದಿನವಿಡೀ ಜಪವಾಯಿತು. ಮುಟ್ಟು ನಿಂತು ನಾಲ್ಕು ದಿನವಾದ ಮೇಲೂ ಬಚ್ಚಲಿಗೆ ಹೋಗಿ ಹುಡುಕುತ್ತಿದ್ದಳು.

ಮುಟ್ಟಿನ ಕಪ್‌ನ ಸುದ್ದಿ ತಂದವಳೂ ದೊಡ್ಡಮ್ಮನೇ, ತನ್ನ ಸೊಸೆ ಬಳಸುತ್ತಾಳೆ ಎಂದು. ಮೆತ್ತಗಿನ ಪುಟ್ಟ ಬಟ್ಟಲು, ಮಡಚಿದರೆ ಒಳಗೆ ಹೋಗಿ ಅರಳುತ್ತದೆ. ಹೋಗುವುದೇನೋ ಹೋಯಿತು, ಲಾಂಡ್ರಿಯ ಪಾಯಿಖಾನೆಯಲ್ಲಿ ಕೂತರೆ ಹೊರಗೆ ಬರಲೊಲ್ಲದು. ಬೆವರು ಕಿತ್ತುಕೊಂಡು ಬಂತು. ಆಸ್ಪತ್ರೆ, ಡಾಕ್ಟರು, ಅವರ ಬಿಳಿ ಕೋಟು, ಆ ಕೋಟು ಆಮೇಲೆ ತನ್ನದೇ ಮೇಜಿಗೆ ಬರುವುದು, ಎಲ್ಲ ಕಣ್ಣ ಮುಂದೆ ಬಂತು. ಮುಕ್ಕಾಲು ಗಂಟೆಯಾದ ಮೇಲೆ ಬಾಗಿಲು ಬಡಿದ ಸದ್ದು.

"ಏನಮ್ಮ, ಒಳಗೇ ಸಂಸಾರ ಹೂಡ್ಬಿಟ್ಯಾ?"

"ಬರ್ತಿಲ್ಲ ದೊಡ್ಡಮ್ಮ," ಎಂದಳು, ಅಳುವ ದನಿಯಲ್ಲಿ.

"ಹೆದರಿದ್ರೆ ಮೈ ಬಿಗಿಯುತ್ತೆ, ಬಿಗಿದಷ್ಟೂ ಅದು ಮೇಲಕ್ಕೇ ಹೋಗುತ್ತೆ. ಉಸಿರು ಬಿಡು. ಕೆಳಕ್ಕೆ ತಿಣುಕು. ಬುಡನ ಒಂಚೂರು ಅಮುಕಿ ಹಿಡ್ಕೊ. ನಾನಿಲ್ಲೇ ಇದ್ದೀನಿ, ಯಾರನ್ನೂ ಬಿಡಲ್ಲ."

ಬಂತು. ಆದರೆ ಬಾಗಿಲಾಚೆ ಯಾರೂ ಇಲ್ಲದಿದ್ದರೆ ಬರುತ್ತಿರಲಿಲ್ಲ ಎಂದು ಅವಳಿಗೆ ಇವತ್ತಿಗೂ ಅನುಮಾನ. ಆಮೇಲೆ ಮುಟ್ಟಿಗೆಂದೇ ಮಾಡಿದ ಚಡ್ಡಿ ತರಿಸಿದಳು, ಅದು ಎರಡು ದಿನಕ್ಕೂ ಒಣಗಲಿಲ್ಲ. ಈಗ ಜಾಸ್ತಿ ಹೋಗುವ ದಿನ ಪ್ಯಾಡು, ಮಿಕ್ಕ ದಿನ ಕಪ್, ಎಲ್ಲ ದಿನವೂ ಹೆದರಿಕೆ.

ಇದಿಷ್ಟೂ ಅವಳೊಬ್ಬಳ ಪಾಡಾಗಿದ್ದರೆ ಹೇಗೋ ನಡೆಯುತ್ತಿತ್ತು. ಮಗಳಿಗೆ ಹನ್ನೆರಡು ತುಂಬಿದ ದಿನದಿಂದ ಎದೆಯೊಳಗೆ ಢವಢವ ಶುರುವಾಯಿತು. ತಾನು ಆ ದಿನ ಒಂಟಿಯಾಗಿ ನಿಂತಂತೆ ಮಗಳು ನಿಲ್ಲಬಾರದು, ಎಲ್ಲ ತಯಾರಿರಬೇಕು, ಎಲ್ಲ ಹೇಳಿಕೊಡಬೇಕು. ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತೊಳೆದು ಕಪಾಟಿನ ಮೇಲಿಟ್ಟು, ಅದರಲ್ಲಿ ಪ್ಯಾಡು ತುಂಬಿದಳು. ಸುಲಿದು ಹೋದೀತೆಂದು ತೆಗೆದು ತೆಳ್ಳಗಿನದು ಹಾಕಿದಳು. ಸಾಲದೇ ಹೋದೀತೆಂದು ಚಡ್ಡಿ ಹಾಕಿದಳು. ಒಂದು ಹಾಕುವುದು, ಒಂದು ತೆಗೆಯುವುದು, ತಿಂಗಳುಗಟ್ಟಲೆ ಇದೇ ಆಯಿತು. ತಿಂಗಳೆರಡು ತಿಂಗಳು ದೂರದ ಊರುಗಳಿಗೆ ಲಾರಿ ಓಡಿಸುವ ಗಂಡ ಒಮ್ಮೆ ನೋಡಿ, "ಅದೇನು ಡಬ್ಬಿಯೋ ಅಂಗಡಿಯೋ?" ಎಂದು ನಕ್ಕಿದ್ದ. ಮಗಳೊಂದಿಗೆ ಮಾತು ಮಾತ್ರ ನಾಳೆ ಆಡೋಣ, ಭಾನುವಾರ ಆಡೋಣ ಎಂದು ಮುಂದೆ ಹೋಗುತ್ತಲೇ ಇತ್ತು.

ಮಗಳು ಲಾಂಡ್ರಿಯಲ್ಲೇ ಬೆಳೆದವಳು. ಶಾಲೆ ಬಿಟ್ಟು ಬಂದು ಅಮ್ಮನ ಮೇಜಿನ ಪಕ್ಕ ಕೂತು, ಹೋಂವರ್ಕು ಮುಗಿಸಿ, ಸೂಜಿಗಳಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಮಾತು ಕಡಿಮೆ. ಮುಂದಿನ ಮಾರ್ಚಿಗೆ ಹದಿಮೂರು.

ಒಂದು ಭಾನುವಾರ ಬೆಳಿಗ್ಗೆ ದಾರದಕ್ಕ ಮನೆಯಲ್ಲಿ ಇಸ್ತ್ರಿಗೆ ಕೂತಿದ್ದಳು. ಮಗಳ ಶಾಲೆಯ ಬೂದು ಸ್ಕರ್ಟನ್ನು ಕೊಡವಿ ಹಾಸಿದಾಗ, ಹಿಂಭಾಗದ ನೆರಿಗೆಯೊಳಗೆ ಒಂದು ಹಳದಿ ಸುತ್ತು ಕಂಡಿತು. ಲಾಂಡ್ರಿಯ ಬಟ್ಟೆಯೊಂದು ಮನೆಗೆ ಬಂದುಬಿಟ್ಟಿತೇ ಎಂದುಕೊಂಡು ಸೊಂಟಪಟ್ಟಿ ನೋಡಿದಳು. ಮಗಳದೇ. ಸುತ್ತಿನ ಒಳಗೆ ನೋಡಿದಳು, ಏನೂ ಇರಲಿಲ್ಲ. ಹೊಸ ಬಟ್ಟೆಯಷ್ಟು ಚೊಕ್ಕಟ.

ಹಳದಿ ಯಾವುದಕ್ಕೆ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಇಸ್ತ್ರಿಪೆಟ್ಟಿಗೆ ಆರಿಸಿ, ಸ್ಕರ್ಟನ್ನು ಹೆಗಲಿಗೆ ಹಾಕಿಕೊಂಡು, ಕುರ್ಚಿ ಹತ್ತಿ ಡಬ್ಬಿ ಇಳಿಸಿದಳು. ಒಳಗೆ ತಾನಿಟ್ಟದ್ದೆಲ್ಲ ಇಟ್ಟ ಹಾಗೇ ಇತ್ತು. ಹಾಗಾದರೆ ಮಗು ಏನು ಮಾಡಿಕೊಂಡಿತು? ಮಗಳ ಕಪಾಟು ತೆಗೆದು, ಬೇಡ ಬೇಡ ಎನ್ನುತ್ತಲೇ ಬಟ್ಟೆಗಳ ಹಿಂದೆ ಕೈ ಹಾಕಿದಳು. ಅರ್ಧ ಹರಿದ ಹಳೇ ಚಾದರ ಸಿಕ್ಕಿತು. ಹರಿದ ಅರ್ಧದ ತುಂಡುಗಳನ್ನು ಅಂಚು ಮಡಿಸಿ ಹೊಲಿದು, ಒಗೆದು, ಒಂದರ ಮೇಲೊಂದು ಪೇರಿಸಿಟ್ಟಿತ್ತು. ತಾನು ಯಾವುದನ್ನು ಕಸಕ್ಕೆ ಎಸೆದು ಓಡಿ ಬಂದಿದ್ದಳೋ ಅದೇ ಬಟ್ಟೆ ಕೈಯಲ್ಲಿತ್ತು. ಮಂಚದ ಮೇಲೆ ಕೂತುಬಿಟ್ಟಳು.

ಮಗಳು ಪುಸ್ತಕ ಹಿಡಿದು ಬಾಗಿಲಿಗೆ ಬಂದಳು. ಅಮ್ಮನ ಕೈ ನೋಡಿ ಅಲ್ಲೇ ನಿಂತಳು.

"ಯಾವಾಗಿಂದ ಪುಟ್ಟಿ?"

"ನಾಲ್ಕು ತಿಂಗಳಾಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಕೂಗಿದ್ದೆ. ಬಚ್ಚಲಿಂದ. ನೀನು ಕೆಲ್ಸಕ್ಕೆ ಹೊರಟಿದ್ದೆ." ಮಗಳು ನೆಲ ನೋಡುತ್ತ ಹೇಳಿದಳು. "ಒಳಗೆ ಹೊಸ ಟವೆಲ್ ಇದೆ, ಎಲ್ಲೂ ಕಲೆ ಮಾಡ್ಕೋಬೇಡ ಅಂದ್ಬಿಟ್ಟು ಹೋದೆ."

ಅವಳಿಗೆ ಅದು ನೆನಪೇ ಇರಲಿಲ್ಲ. ಆ ಮಾತನ್ನು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು, ಊಟಕ್ಕೆ ಕೂತರೆ, ಪೆನ್ನು ಹಿಡಿದರೆ, ಮಣ್ಣಲ್ಲಿ ಆಡಿದರೆ. ತನ್ನ ಬಾಯಿಂದ ತನ್ನ ಅಮ್ಮನೇ ಮಾತಾಡುತ್ತಿದ್ದಳೆಂದು ಈಗ ತಿಳಿಯಿತು.

"ಆ ಡಬ್ಬಿ ಇತ್ತಲ್ಲೇ. ನಿಂಗೇ ಅಂತ ಇಟ್ಟಿದ್ದೆ."

"ಗೊತ್ತು. ನೀನು ದಿನಾ ಒಂದು ಹಾಕ್ತಿದ್ದೆ, ಒಂದು ತೆಗೀತಿದ್ದೆ. ನಿಂಗೇ ಅಷ್ಟು ಭಯ ಅಂದ್ಮೇಲೆ ನಂಗೆ ಮುಟ್ಟೋಕೆ ಧೈರ್ಯ ಬರ್ಲಿಲ್ಲ." ಆಮೇಲೆ ಸಮಾಧಾನ ಹೇಳುವವಳಂತೆ, "ಬಿಸಿನೀರಿಗೆ ಹಾಕಿಲ್ಲಮ್ಮ. ಎಲ್ಲಾ ತಣ್ಣೀರಲ್ಲೇ," ಎಂದಳು.

ದಾರದಕ್ಕ ಡಬ್ಬಿಯನ್ನು ಮಂಚದ ಮೇಲೆ ಬೋರಲು ಹಾಕಿದಳು.

"ಯಾವುದು ಒಳ್ಳೇದಮ್ಮ?" ಮಗಳು ಹತ್ತಿರ ಬಂದು ಕೂತಳು.

"ನಂಗೂ ಗೊತ್ತಿಲ್ಲ ಕಣೇ. ಇಪ್ಪತ್ತೈದು ವರ್ಷದಿಂದ ಹುಡುಕ್ತಾನೇ ಇದ್ದೀನಿ. ಒಂದೊಂದಾಗಿ ಹೇಳ್ತೀನಿ, ಯಾವುದಕ್ಕೆ ಎಷ್ಟು ಹೆದರ್ಕೊಂಡೆ ಅಂತ. ನಿಂಗೆ ಯಾವುದು ಸರಿ ಅನ್ಸುತ್ತೋ ಅದನ್ನ ತಗೋ, ಒಗ್ಗಲಿಲ್ಲ ಅಂದ್ರೆ ಬದಲಾಯಿಸೋಣ." ಪಾಯಿಖಾನೆಯ ಮುಕ್ಕಾಲು ಗಂಟೆಯ ಕತೆ ಬಂದಾಗ ಮಗಳು ಮೊದಲ ಸಲ ನಕ್ಕಳು. ಆ ನಗು ಕೇಳಿ ದಾರದಕ್ಕ ಹೆಗಲ ಮೇಲಿದ್ದ ಸ್ಕರ್ಟನ್ನು ತಟ್ಟಿ ಛೇಡಿಸಿದಳು.

"ಕಳ್ಳಿ, ಎಲ್ಲಾ ಮುಚ್ಚಿಟ್ಟೆ, ದಾರ ತೆಗೆಯೋದು ಮಾತ್ರ ಮರೆತೆ ನೋಡು."

ಮಗಳ ನಗು ನಿಂತಿತು.

"ಮರೆತಿಲ್ಲಮ್ಮ. ಹಾಕಿದವರು ತೆಗೀಬಾರದಲ್ಲ. ನೀನು ನೋಡಿ ತೆಗೀತೀಯ ಅಂತ ಇಸ್ತ್ರಿ ಬುಟ್ಟೀಲಿಟ್ಟೆ. ಮೂರು ವಾರದಿಂದ ಇನ್ನೊಂದು ಸ್ಕರ್ಟನ್ನೇ ಹಾಕ್ಕೊಂಡು ಹೋಗ್ತಿದ್ದೀನಿ. ಎರಡು ಸಲ ನೀನು ಇದಕ್ಕೆ ಇಸ್ತ್ರಿ ಹಾಕಿ ಮಡಿಸಿಟ್ಟೆ, ಎರಡು ಸಲನೂ ನಾನು ಮತ್ತೆ ಬುಟ್ಟಿಗೇ ಹಾಕಿದೆ."

ಊರಿನವರ ಚಾದರಗಳಲ್ಲಿ ಸಾಸಿವೆಯಷ್ಟು ಕಲೆಯನ್ನೂ ಬಿಡದ ಆ ಕಣ್ಣುಗಳನ್ನು ಅವಳು ಸೆರಗಿನಿಂದ ಒರೆಸಿಕೊಂಡಳು. ಸ್ಕರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಳದಿ ಸುತ್ತಿನ ಒಳಗೆ ಬೆರಳಾಡಿಸಿದಳು. ಕಣ್ಣು ಮತ್ತೆ ಮಂಜಾಯಿತು.

"ಹೋಗಿದೆಯಾಮ್ಮ?"

"ತಾಳು ಪುಟ್ಟಿ," ಎಂದಳು. "ಈ ಸಲ ಸರಿಯಾಗಿ ನೋಡ್ತೀನಿ."