ಕಂಬಳಿಯ ಮೇಲೆ ಬಿಚ್ಚಿದ ಲ್ಯಾಪ್‌ಟಾಪ್

ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸಿನಲ್ಲಿ ಆ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ. ಮೇಲಿನ ಸರಳಿನ ಮೇಲಿಟ್ಟರೆ ಹೊಂಡ ಬಂದಾಗ ಬಿದ್ದೀತೆಂಬ ಭಯ. ಪಕ್ಕದಲ್ಲಿ ಕೂತವರು "ಹಾರ್ಮೋನಿಯಂ ಏನ್ರೀ?" ಎಂದು ಕೇಳಿದರು ಅಂತ ಬಹಳ ಜನರಿಗೆ ಹೇಳಿ ನಗಿಸಿದ್ದೇನೆ. ಎಷ್ಟು ಸಲ ಹೇಳಿದ್ದೇನೆಂದರೆ, ಅವರು ನಿಜವಾಗಿ ಕೇಳಿದರೋ ಇಲ್ಲವೋ ಎಂಬುದು ಈಗ ನನಗೇ ಖಾತ್ರಿಯಿಲ್ಲ. ಆ ದಿನ ನಗುವ ಸ್ಥಿತಿಯಲ್ಲಂತೂ ನಾನಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ, ಅವರು ಕೊಟ್ಟ ಕಾಲಾವಧಿಯ ವಿಸ್ತರಣೆಗಳನ್ನೆಲ್ಲ ಮುಗಿಸಿದ್ದೆ. ಆ ವಾರದೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಮತ್ತೆ ಅರ್ಜಿ ಹಾಕುವ ಅವಕಾಶವೂ ಇಲ್ಲ ಎಂದು ವಿಶ್ವವಿದ್ಯಾಲಯ ತಿಳಿಸಿತ್ತು. ಶಿಕಾರಿಪುರ, ಸೊರಬ ಸೀಮೆಯ ಹಳ್ಳಿಗಳಲ್ಲಿ ಕೆರೆ ನೀರನ್ನು ಹಿಂದೆ ಹೇಗೆ ಸರದಿಯ ಮೇಲೆ ಹಂಚುತ್ತಿದ್ದರು ಎಂಬುದು ನನ್ನ ವಿಷಯ. ಬರೆದದ್ದೆಲ್ಲ ಯಾರೋ ಬಳಸಿ ಮಾರಿದ ಆ ಅಗ್ಗದ ಲ್ಯಾಪ್‌ಟಾಪಿನ ಒಂದೇ ಫೈಲಿನಲ್ಲಿತ್ತು, ಕಾಲುವೆಗಳ ನಕ್ಷೆಗಳ ಸಮೇತ. ಕೊನೆಯ ನಕ್ಷೆಯನ್ನು ಸೇರಿಸಿ, ಉಳಿಸಿ, ಮುಚ್ಚಿದೆ. ಮರುದಿನ ಅದು ತೆರೆಯಲಿಲ್ಲ. ಮೆಮೊರಿ ಸಾಲದು ಎಂದು ಪರದೆಯ ಮೇಲೆ ಒಂದು ಸಾಲು ಬಂತು, ಅಷ್ಟೇ. ಬೇರೆ ಕಂಪ್ಯೂಟರಿನಲ್ಲಿ ತೆರೆಯೋಣವೆಂದರೆ ಫೈಲು ಒಂದು ಫ್ಲಾಪಿಗೆ ಹಿಡಿಸುತ್ತಿರಲಿಲ್ಲ. ತುಂಡು ಮಾಡಿ ಹಲವು ಫ್ಲಾಪಿಗಳಿಗೆ ತುಂಬಿಸಿ ನೋಡಿದೆ. ನಡುವಿನ ಒಂದು ಫ್ಲಾಪಿಯನ್ನು ಓದಲಾಗಲಿಲ್ಲ.

ಶಿಕಾರಿಪುರದಲ್ಲಿ ನನ್ನ ಭಾವ, ಅಂದರೆ ಅಕ್ಕನ ಗಂಡ, ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಅದೇ ಹೊತ್ತಿಗೆ ಟೈಪ್‌ರೈಟರುಗಳನ್ನು ಒಂದು ಮೂಲೆಗೆ ಸರಿಸಿ ಹಳೆಯ ಕಂಪ್ಯೂಟರುಗಳನ್ನು ತಂದು ಕೂರಿಸಿದ್ದರು. ಅವುಗಳ ಶಕ್ತಿ ನನ್ನದಕ್ಕಿಂತ ಕಡಿಮೆ. ಆದರೆ ಭಾವನಿಗೆ ಬಿಚ್ಚುವ ಧೈರ್ಯವಿತ್ತು. ಫೋನಿನಲ್ಲಿ ವಿಷಯ ಹೇಳಿದಾಗ, "ಹೆಚ್ಚಿಗಿ ಮೆಮೊರಿ ಹಾಕಿದ್ರ ಆತು, ತಗೊಂಡು ಬಾ" ಎಂದಿದ್ದರು. ಶಿವಮೊಗ್ಗದ ಅಂಗಡಿಯೊಂದರಿಂದ ಅದನ್ನು ಅವರೇ ತರಿಸಿಯೂ ಇದ್ದರು.

ನಾನು ಹೋದಾಗ ಅವರು ಮನೆಯಲ್ಲಿದ್ದರು. ಮಧ್ಯಾಹ್ನ ಕರೆಂಟು ತೆಗೆಯುತ್ತಿದ್ದ ದಿನಗಳು ಅವು. ಲ್ಯಾಪ್‌ಟಾಪಿನ ಬ್ಯಾಟರಿ ನನ್ನ ಕೈಗೆ ಬರುವ ಮೊದಲೇ ಸತ್ತಿದ್ದರಿಂದ ಕರೆಂಟು ಹೋಗುವುದರೊಳಗೆ ಕೆಲಸ ಮುಗಿಯಬೇಕಿತ್ತು. ಭಾವ ಪಡಸಾಲೆಯ ನೆಲದ ಮೇಲೆ ಹಳೆಯ ಪೇಪರು ಹಾಸತೊಡಗಿದರು. ಅಕ್ಕ ಒಳಗಿನಿಂದ ಬಂದವಳು ಅದನ್ನು ನೋಡಿ ನಿಂತಳು.

"ಪೇಪರ್ ಮ್ಯಾಲೆ ಇಡ್ತೀರೇನ್ರೀ ಅದನ್ನ? ಇಷ್ಟ್ ವರ್ಷದ ಓದು ಅದರಾಗೈತಿ."

"ಮತ್ತೇನು, ತೊಟ್ಟಿಲ ಕಟ್ಲಾ?"

"ತೊಟ್ಟಿಲ ಬ್ಯಾಡ. ಗದ್ದಿಗಿ ಹಾಕಿ ಕುಂಡ್ರಿ."

ನಮ್ಮ ಕಡೆ ಹೆಣ್ಣು ನೋಡುವ ಮಾತುಕತೆಯಿರಲಿ, ಹಿರಿಯರು ಕೂತು ಮಾಡುವ ತೀರ್ಮಾನವಿರಲಿ, ಮುಖ್ಯವಾದ ಯಾವ ಕೆಲಸಕ್ಕೂ ಮೊದಲು ಕರಿ ಕಂಬಳಿಯನ್ನು ಮಡಿಸಿ ಗದ್ದುಗೆ ಹಾಕುತ್ತಾರೆ. ಬರಿ ನೆಲದಲ್ಲಿ ಶುರುವಾದದ್ದು ನಿಲ್ಲುವುದಿಲ್ಲ ಎಂಬ ನಂಬಿಕೆ. ನನಗೆ ಅಂಥ ನಂಬಿಕೆಗಳಿರಲಿಲ್ಲ. ಇಲ್ಲ ಎಂದು ತೋರಿಸಿಕೊಳ್ಳುವ ಚಟವೂ ಇತ್ತು. ಆದರೆ ಅಂದು ಬೇಡ ಎನ್ನಲಿಲ್ಲ ಎಂದೇ ನನ್ನ ನೆನಪು. ಅಕ್ಕನ ಪ್ರಕಾರ ಅವಳು ಒಳಗಿಂದ ತಂದ ಕಂಬಳಿಯನ್ನು ಕೈಯಾರೆ ಇಸಿದುಕೊಂಡು ಹಾಸಿದವನು ನಾನೇ.

ಭಾವ ಕಂಬಳಿಯ ಒಂದು ತುದಿಯಲ್ಲಿ ಕೂತು ಲ್ಯಾಪ್‌ಟಾಪನ್ನು ಬೋರಲು ಹಾಕಿದರು. ಶಿವರಾತ್ರಿಗೆ ಇನ್ನೂ ದಿನಗಳಿದ್ದವು, ಒಣ ಚಳಿಗೆ ತುಟಿ ಒಡೆಯುತ್ತಿತ್ತು. ಸ್ಕ್ರೂ ಬಿಚ್ಚಿ ತಳದ ಸಣ್ಣ ಮುಚ್ಚಳ ತೆಗೆದಾಗ ಒಳಗೆ ಒಂದೇ ಒಂದು ಖಾಲಿ ಜಾಗ ಕಂಡಿತು.

"ಇದಕ್ಕ ಎಷ್ಟು ಹಿಡೀತತಿ ಅಂತ ಮಾರಿದೋನ್ನ ಕೇಳಿದ್ಯಾ?"

"ಎಷ್ಟು ಬೇಕಾದ್ರೂ ಹಾಕ್ಬಹುದು ಅಂದಿದ್ದ, ಭಾವ."

"ಎತ್ತು ಮಾರೋನೂ ಹಂಗೇ ಅಂತಾನ."

ಬೆಳ್ಳಿ ಬಣ್ಣದ ಪೊಟ್ಟಣದಿಂದ ಮೆಮೊರಿಯ ಪಟ್ಟಿಯನ್ನು ತೆಗೆದರು. ಬೆಳಕಿಗೆ ಹಿಡಿದು ನೋಡಲು ಕಂಬಳಿಯ ಮೇಲೇ ಸರ್ರನೆ ಬಾಗಿಲ ಕಡೆ ಜರುಗಿದರು, ಮತ್ತೆ ಅದೇ ರೀತಿ ಹಿಂದಕ್ಕೆ ಜರುಗಿದರು. ಪಟ್ಟಿಯನ್ನು ಜಾಗಕ್ಕೆ ಒಡ್ಡುವಾಗ ಚಿಟ್ ಎಂದು ಸಣ್ಣ ಸದ್ದಾಯಿತು. ಚಳಿಗಾಲದಲ್ಲಿ ಕಂಬಳಿ ಹೊದ್ದವರಿಗೆಲ್ಲ ಗೊತ್ತಿರುವ ಸದ್ದು ಅದು. ನಾನು ಅದನ್ನು ಕೇಳಿಸಿಕೊಂಡೆನೇ? ಕೇಳಿಸಿಕೊಂಡೆ ಎಂದೇ ಇಷ್ಟು ವರ್ಷ ನಂಬಿದ್ದೇನೆ. ಉಣ್ಣೆಯ ಬಟ್ಟೆಯ ಹತ್ತಿರ ಇಂಥವನ್ನು ಮುಟ್ಟಬಾರದು, ಮೈಯಲ್ಲಿ ಕೂಡಿದ ವಿದ್ಯುತ್ತು ಅವನ್ನು ಸುಟ್ಟುಬಿಡುತ್ತದೆ ಎಂದು ಓದಿದ್ದು ಆಮೇಲೆ. ಓದಿದ ಮೇಲೆ ಆ ಸದ್ದು ನೆನಪಿಗೆ ಬಂದು ಸೇರಿಕೊಂಡಿದ್ದರೂ ಆಶ್ಚರ್ಯವಿಲ್ಲ.

ಮುಚ್ಚಳ ಹಾಕಿ ಸ್ವಿಚ್ ಒತ್ತಿದರು. ಹಸಿರು ದೀಪ ಹತ್ತಿತು. ಪರದೆ ಕಪ್ಪಾಗಿಯೇ ಇತ್ತು. ಒಳಗಿಂದ ಒಂದು ಉದ್ದನೆಯ ಕೂಗು ಬಂತು, ನಿಂತಿತು, ಮತ್ತೆ ಬಂತು. ಭಾವ ಆರಿಸಿದರು. ಪಟ್ಟಿಯನ್ನು ತೆಗೆದು ಊದಿ, ಅಂಚನ್ನು ಪಂಚೆಯಿಂದ ಒರೆಸಿ ಮತ್ತೆ ಕೂರಿಸಿದರು. ಅದೇ ಕೂಗು. ಪಟ್ಟಿ ಹೋದರೆ ಹೋಗಲಿ, ಲ್ಯಾಪ್‌ಟಾಪೇ ಹೋಗಿದ್ದರೆ?

"ತೆಗೀರಿ ಭಾವ. ಮೊದಲಿದ್ದ ಹಾಗೇ ಆಗ್ತದಾ ನೋಡೋಣ."

"ತಡಿಯೋ, ಇನ್ನೊಂದ್ ಸಲ..."

"ಬ್ಯಾಡ ತೆಗೀರಿ ಅಂದ್ನಲ್ಲ."

ನನ್ನ ದನಿ ಏರಿದ್ದಕ್ಕೆ ಅಕ್ಕ ಬಾಗಿಲಿಗೆ ಬಂದು ನಿಂತಳು. ಭಾವ ಪಟ್ಟಿಯನ್ನು ತೆಗೆದು ಪೊಟ್ಟಣಕ್ಕೆ ಹಾಕಿದರು. ಮತ್ತೆ ಒತ್ತಿದಾಗ ಕಪ್ಪು ಪರದೆಯ ಮೇಲೆ ಬಿಳಿ ಅಂಕಿಗಳು ನಿಧಾನವಾಗಿ ಏರತೊಡಗಿದವು. ಹುಟ್ಟುವಾಗಲೇ ಒಳಗಿದ್ದ ಸ್ವಲ್ಪ ಮೆಮೊರಿಯ ಮೇಲೆ ಅದು ಎದ್ದು ಕೂತಿತು. ನಾನು ಗೋಡೆಗೆ ಒರಗಿದೆ.

ಹೊಸ ಪಟ್ಟಿ ಸುಟ್ಟುಹೋಯಿತೋ, ಅಷ್ಟನ್ನು ಅರಗಿಸಿಕೊಳ್ಳುವ ಶಕ್ತಿಯೇ ಆ ಲ್ಯಾಪ್‌ಟಾಪಿಗೆ ಇರಲಿಲ್ಲವೋ, ಪರೀಕ್ಷಿಸಲು ಅಂಥ ಇನ್ನೊಂದು ಯಂತ್ರ ಊರಿನಲ್ಲಿರಲಿಲ್ಲ. ಭಾವ ಎರಡನೆಯ ಕಾರಣವನ್ನೇ ಹಿಡಿದರು. ಕಂಬಳಿಯ ಮೇಲೆ ತಪ್ಪು ಹೊರಿಸಿದರೆ ಅದು ಅಕ್ಕನ ಮೇಲೆ ಬರುತ್ತದೆ ಎಂದು ಆಮೇಲೂ ಹಾಗೇ ಹೇಳುತ್ತಾ ಬಂದರೆಂದು ನನ್ನ ಗುಮಾನಿ.

"ಇದರ ಯೋಗ್ತಿ ಇಷ್ಟೇ ನೋಡಪ. ಸೈಕಲ್ಲಿಗೆ ಭತ್ತದ ಚೀಲ ಹೇರಬಹುದು, ಮನಿ ಸಾಮಾನ ಹೇರಾಕಾಗಲ್ಲ. ಏನ್ ಬೇಕು ಅಷ್ಟು ಇಳಿಸ್ಕ್ಯ. ಅಕ್ಷರ ಬೇಕಾ, ಚಿತ್ರ ಬೇಕಾ?"

"ಎರಡೂ ಬೇಕು."

"ಎರಡೂ ಬೇಕು ಅಂದ್ರ ಎರಡೂ ಹೋಕ್ಕಾವು."

ಫೈಲನ್ನು ಎಂದಿನಂತೆ ತೆರೆಯದೆ, ಚಿತ್ರ ಮತ್ತು ಅಲಂಕಾರ ಬಿಟ್ಟು ಬರೀ ಅಕ್ಷರಗಳನ್ನು ಎತ್ತಿಕೊಳ್ಳುವ ದಾರಿಯೊಂದು ಅವರಿಗೆ ಗೊತ್ತಿತ್ತು. ನಕ್ಷೆಗಳನ್ನು ಬಿಡುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಅವುಗಳ ಮೂಲ ನನ್ನ ಪೆನ್ಸಿಲ್ ಚಿತ್ರಗಳು. ಅವನ್ನು ಸ್ಕ್ಯಾನ್ ಮಾಡಿಸಿ ಪ್ರೆಸ್ಸಿನಲ್ಲೇ ಮರೆತು ಬಂದಿದ್ದೆ, ಕೇಳಿದಾಗ ರದ್ದಿಗೆ ಹೋಗಿದ್ದವು. ಡಿಸ್ಕಿನಲ್ಲಿ ಜಾಗ ಸಾಲದೆಂದು ಸ್ಕ್ಯಾನಿನ ಬಿಡಿ ಪ್ರತಿಗಳನ್ನೂ ಅಳಿಸಿದ್ದೆ. ಕರೆಂಟು ಹೋಗುವ ಹೊತ್ತು ಹತ್ತಿರವಾಗಿತ್ತು. "ಅಕ್ಷರ" ಎಂದೆ.

ಪರದೆಯ ಮೇಲಿನ ಮರಳು ಗಡಿಯಾರ ಅಲ್ಲಾಡದೆ ನಿಂತಿತು. ಒಳಗೆ ಡಿಸ್ಕು ಕರಕರ ಎನ್ನುತ್ತಿತ್ತು. ಎದುರು ಮನೆಯ ರೇಡಿಯೋ ನಿಂತರೆ ಕರೆಂಟು ಹೋಯಿತೆಂದು ಅರ್ಥ, ಹಾಗಾಗಿ ನಾನು ಅದಕ್ಕೇ ಕಿವಿಗೊಟ್ಟಿದ್ದೆ. ಕೊನೆಗೆ ಪುಟ ತುಂಬಿತು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಜಂಗುಳಿ.

"ಹೋತು" ಎಂದೆ.

"ಎಲ್ಲಿ ಹೋತು? ಫಾಂಟು ಬದಲು ಮಾಡೋ ಮಾರಾಯ."

ಮಾಡಿದೆ. ನನ್ನ ಮುನ್ನುಡಿಯ ಮೊದಲ ವಾಕ್ಯ ಕನ್ನಡದಲ್ಲಿ ಎದ್ದು ನಿಂತಿತು. ಕೋಷ್ಟಕಗಳೆಲ್ಲ ಕಲಸಿಹೋಗಿದ್ದರೂ ಮಾತುಗಳೆಲ್ಲ ಇದ್ದವು. ಚಿತ್ರ ಕಳೆದುಕೊಂಡ ಪ್ರಬಂಧ ಎಷ್ಟು ಹಗುರವಾಗಿತ್ತೆಂದರೆ ಒಂದೇ ಫ್ಲಾಪಿಗೆ ಹಿಡಿಸಿತು. ಅದನ್ನು ಹೊರತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ ಮೇಲೆ ರೇಡಿಯೋ ನಿಂತಿತು.

ಮುಂದಿನ ಎರಡು ದಿನ ಅಕ್ಕನ ಮನೆಯಲ್ಲೇ ಕೂತು ನಕ್ಷೆಗಳನ್ನು ಕೈಯಿಂದ ಬರೆದೆ. ಕೆರೆಯ ಏರಿ, ತೂಬು, ಕಾಲುವೆ ಕವಲೊಡೆಯುವ ಜಾಗ. ನಾನೇ ಕಾಲಾಡಿಸಿದ ನೆಲ, ಆದರೂ ಪೆನ್ನು ಮುಂದೆ ಹೋಗಲು ಹೆದರುತ್ತಿತ್ತು. ಉಡುತಡಿ ಕಡೆಯ ಒಂದು ಕೆರೆಯಲ್ಲಿ ಎರಡನೆಯ ಕವಲು ಹುಣಸೆ ಮರದ ಈಚೆಗಿತ್ತೋ ಆಚೆಗಿತ್ತೋ ಎಂದು ಎಷ್ಟು ಕಣ್ಣು ಮುಚ್ಚಿದರೂ ಎರಡೂ ಕಡೆ ಕಾಣುತ್ತಿತ್ತು. ಹೋಗಿ ನೋಡಿಬರಲು ದಿನ ಉಳಿದಿರಲಿಲ್ಲ. ಆ ಕವಲನ್ನು ಚುಕ್ಕೆಗಳಲ್ಲಿ ಬರೆದೆ.

ಭಾವ ಊಟ ಮುಗಿಸಿ ಬಂದು ಬಗ್ಗಿ ನೋಡಿದರು.

"ಈ ಕಾಲುವಿ ಯಾಕೋ ಹರದೈತಿ?"

"ಖಾತ್ರಿ ಇಲ್ಲ ಭಾವ."

"ಹಂಗಂತ ಕೆಳಗ ಬರಿ ಮತ್ತೆ. ಓದೋರಿಗೆ ಗೊತ್ತಾಗಬ್ಯಾಡೇನು?"

ಬರೆದೆ. ನಕ್ಷೆಗಳನ್ನೆಲ್ಲ ನೆನಪಿನಿಂದ ಮತ್ತೆ ಬರೆಯಲಾಗಿದೆ, ಚುಕ್ಕೆ ಗೆರೆಯನ್ನು ಸ್ಥಳದಲ್ಲಿ ಪರಿಶೀಲಿಸಿಲ್ಲ ಎಂದು. ಪ್ರಬಂಧವನ್ನು ಪ್ರಿಂಟು ತೆಗೆಸಿ, ನಕ್ಷೆಯ ಹಾಳೆಗಳನ್ನು ಅಂಟಿಸಿ, ಬೈಂಡು ಮಾಡಿಸಿ, ಕೊನೆಯ ದಿನ ಒಪ್ಪಿಸಿದೆ. ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಹಿರಿಯರು ಆ ಪುಟವನ್ನೇ ತೆರೆದು, ಕನ್ನಡಕ ಮೇಲೆತ್ತಿ, "ಉಳಿದ ಗೆರೆಗಳ ಬಗ್ಗೆ ನಿಮಗೆ ಇಷ್ಟೊಂದು ಧೈರ್ಯ ಹೇಗೆ ಬಂತು?" ಎಂದು ಕೇಳಿದರು. ಏನೋ ಉತ್ತರ ಕೊಟ್ಟೆ, ಪದವಿಯೂ ಬಂತು. ಏನು ಹೇಳಿದೆನೆಂಬುದು ಮಾತ್ರ ನೆನಪಿಲ್ಲ.